ಡಿಸ್ಕ್ ಸರಿಯಿತ್ತು, ಡ್ರೈವ್ ಸರಿಯಿತ್ತು, ಆದರೂ 11 ಸಿಡಿ ಹಾಳಾದವು

ಲಿನಕ್ಸ್‌ನಲ್ಲಿ ಡಿಸ್ಕ್ ಬರ್ನ್ ಮಾಡುವವರು ಈಗ ಕಡಿಮೆ. ಆದರೆ ಹಳೆಯ ಕಂಪ್ಯೂಟರೊಂದನ್ನು ಎಬ್ಬಿಸಿ ಫೋಟೊಗಳನ್ನು ಸಿಡಿಗೆ ಹಾಕಿಡೋಣ ಅಂತ ಯಾರಾದರೂ ಕೂತಿದ್ದರೆ, ಮೊದಲು ಇದನ್ನು ಓದಿ. ನಾನು ಓದದೆ ಕೂತವನು.

ನನ್ನದು ಹಾಲ್ (HAL, ಡ್ರೈವ್, ಕೀಬೋರ್ಡ್‌ನಂಥ ಸಾಧನಗಳನ್ನು ಗಮನಿಸುತ್ತಿದ್ದ ಹಿನ್ನೆಲೆಯ ಪ್ರೋಗ್ರಾಮ್) ಇದ್ದ ಕಾಲದ ಲಿನಕ್ಸ್. ಮೊದಲ ಸಿಡಿ ಕೊನೆಯ ತನಕ ಚೆನ್ನಾಗಿಯೇ ಬರೆಯಿತು. ‘ಫಿಕ್ಸೇಟಿಂಗ್’, ಅಂದರೆ ಬರೆದ ಸಿಡಿಯನ್ನು ಮುಚ್ಚುವ ಕೊನೆಯ ಹಂತ, ಅಂತ ತೋರಿಸಿತು, ಅಲ್ಲೇ ನಿಂತಿತು, ಆಮೇಲೆ ಎರರ್. ಎರಡನೆಯದು ಸರಿಹೋಯಿತು. ಮೂರನೆಯದು ಶುರುವಾಗುವ ಮೊದಲೇ ‘ಡಿವೈಸ್ ಬ್ಯುಸಿ’ ಅಂದಿತು. ಮತ್ತೆ ಒತ್ತಿದರೆ ಏನೂ ಆಗದವರ ಹಾಗೆ ಶುರುವಾಯಿತು, ಕೊನೆಗೆ ಬಂದು ಸತ್ತಿತು. ಪ್ರತಿ ಸಲವೂ ಕೆಟ್ಟರೆ ಕಾರಣ ಹುಡುಕಬಹುದು. ಒಮ್ಮೆ ಕೆಟ್ಟು ಒಮ್ಮೆ ಸರಿಯಾದರೆ ತಲೆ ಕೆಡುತ್ತದೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೇರೆ ಕಂಪನಿಯ ಡಿಸ್ಕ್ ತಂದೆ. ಲೆನ್ಸ್ ಒರೆಸಿದೆ. ಕೇಬಲ್ ಬದಲಿಸಿದೆ. ವೇಗವನ್ನು 16ರಿಂದ 4ಕ್ಕೆ ಇಳಿಸಿದೆ. ಇದರಿಂದ ತೊಂದರೆ ಇನ್ನೂ ಜಾಸ್ತಿಯಾಯಿತು, ಯಾಕೆ ಅಂತ ಆಮೇಲೆ ಗೊತ್ತಾಯಿತು. ಬರೆಯಬೇಕಾದ ಡೇಟಾ ಕಾದಿರುವ ಬಫರ್ ಖಾಲಿಯಾದರೂ ಕಾಪಾಡುವ ಬರ್ನ್-ಪ್ರೂಫ್ ಅನ್ನುವ ವ್ಯವಸ್ಥೆ ಡ್ರೈವ್‌ನಲ್ಲಿತ್ತು. ಆದರೆ ಅದು ಡೇಟಾ ತಡವಾಗಿ ಬಂದರೆ ಮಾತ್ರ ಸಹಾಯಕ್ಕೆ ಬರುತ್ತದೆ. ಇಲ್ಲಿ ಡೇಟಾ ಸರಿಯಾಗಿಯೇ ಬರುತ್ತಿತ್ತು.

ಸುಳಿವು ಸಿಕ್ಕಿದ್ದು ಕೈಚೆಲ್ಲಿ ಸುಮ್ನೆ ಕೂತಾಗ. ಟ್ರೇ ಖಾಲಿ, ಯಾವ ಪ್ರೋಗ್ರಾಮೂ ನಡೆಯುತ್ತಿಲ್ಲ. ಆದರೂ ಡ್ರೈವ್‌ನ ದೀಪ ಎರಡು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಯಾರೋ ಬಾಗಿಲು ತಟ್ಟುತ್ತಿದ್ದರು.

ತಟ್ಟುತ್ತಿದ್ದದ್ದು ಹಾಲ್. ಡಿಸ್ಕ್ ಹಾಕಿದ ತಕ್ಷಣ ತೆರೆಯ ಮೇಲೆ ಐಕಾನ್ ಬರುತ್ತದಲ್ವಾ? ಅದು ಬರಬೇಕಾದರೆ ಯಾರಾದರೂ ‘ಡಿಸ್ಕ್ ಬಂತಾ, ಬಂತಾ’ ಅಂತ ಡ್ರೈವ್ ಅನ್ನು ಕೇಳುತ್ತಲೇ ಇರಬೇಕು. ಬರೆಯುವ ನಡುವೆಯೂ ಹಾಗೆ ಕೇಳಿದರೆ ಕೆಲವು ಡ್ರೈವ್‌ಗಳು ಸಹಿಸಿಕೊಳ್ಳುತ್ತವೆ, ಕೆಲವು ಕೈಲಿದ್ದ ಕೆಲಸವನ್ನೇ ಬಿಟ್ಟುಬಿಡುತ್ತವೆ. ವೇಗ ಇಳಿಸಿದರೆ ಬರೆಯುವ ಹೊತ್ತು ಜಾಸ್ತಿ, ತಟ್ಟುವ ಸಲಗಳೂ ಜಾಸ್ತಿ. ನಾನು ಜಾಣತನ ಅಂದುಕೊಂಡಿದ್ದು ಅದಕ್ಕೇ ಅನುಕೂಲವಾಗಿತ್ತು.

ಹಾಗಾದರೆ ತಪ್ಪೆಲ್ಲ ಹಾಲ್‌ನದೇ? ನಾನೂ ಮೊದಲು ಹಾಗೇ ಬೈದುಕೊಂಡೆ, ಅದು ಪೂರ್ತಿ ನ್ಯಾಯವಲ್ಲ. ಲಿನಕ್ಸ್‌ನಲ್ಲಿ ‘ಈ ಡ್ರೈವ್ ಈಗ ನನ್ನದು’ ಅಂತ ಹೇಳಲು ಓ-ಎಕ್ಸ್‌ಕ್ಲ್ ಅನ್ನುವ ಗುರುತು ಇದೆ. ಅದು ನಿಜವಾದ ಬೀಗವಲ್ಲ, ಮರ್ಯಾದೆಯ ಬೀಗ. ಇಬ್ಬರೂ ಅದನ್ನು ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ. ಹಾಲ್ ಅದನ್ನು ಹಾಕಿಯೇ ಇಣುಕುತ್ತಿತ್ತು. ಅದು ಇಣುಕುವ ಕ್ಷಣದಲ್ಲೇ ಬೇರೆ ಪ್ರೋಗ್ರಾಮ್ ಬೀಗ ಕೇಳಿದರೆ ‘ಬ್ಯುಸಿ’ ಅನ್ನಿಸಿಕೊಳ್ಳುತ್ತದೆ. ನನ್ನ ಮೂರನೇ ಸಿಡಿಗೆ ಆಗಿದ್ದು ಅದೇ.

ಆದರೆ ಒಂದೇ ಡ್ರೈವ್‌ಗೆ ಲಿನಕ್ಸ್‌ನಲ್ಲಿ ಎರಡು ಹೆಸರು, ಎರಡು ಬಾಗಿಲು. ಮುಂಬಾಗಿಲು ಎಸ್‌ಆರ್0 (sr0), ಹಿತ್ತಲ ಬಾಗಿಲು ಎಸ್‌ಜಿ (sg). ಒಂದಕ್ಕೆ ಬೀಗ ಹಾಕಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ನನ್ನ ಬರ್ನಿಂಗ್ ಪ್ರೋಗ್ರಾಮ್ ಕೆಲವೊಮ್ಮೆ ಹಿತ್ತಲಿನಿಂದ ಹೋಗುತ್ತಿತ್ತು, ಹಾಲ್ ಮುಂಬಾಗಿಲಲ್ಲಿ ನಿಂತು ತಟ್ಟುತ್ತಿತ್ತು. ಒಂದು ಸಲ ರೀರೈಟಬಲ್ ಡಿಸ್ಕ್ ಹಾಕಿದ್ದೆ. ಅದು ತಾನಾಗಿಯೇ ಮೌಂಟ್ ಆಗಿದ್ದು, ಅಂದರೆ ಸಿಸ್ಟಮ್ ಅದನ್ನು ಆಗಲೇ ತೆರೆದಿಟ್ಟುಕೊಂಡಿದ್ದು, ನನಗೆ ಕಾಣಲಿಲ್ಲ. ಹಾಗೇ ಅದರ ಮೇಲೆ ಬರೆದೆ. ಬರೆದಾದ ಮೇಲೂ ಕಿಟಕಿಯಲ್ಲಿ ಹಳೆಯ ಫೈಲುಗಳೇ ಕಾಣುತ್ತಿದ್ದವು. ಬರೆಯಲೇ ಇಲ್ಲ ಅಂದುಕೊಂಡು ಮತ್ತೊಮ್ಮೆ ಬರೆದೆ!

ನಿಜವಾದ ನಷ್ಟ ಆಗಿದ್ದು ಬೇರೆ ಕಡೆ. ಫಿಕ್ಸೇಟಿಂಗ್‌ನಲ್ಲಿ ಎರರ್ ಬಂದ ಒಂದು ಸಿಡಿಯನ್ನು ಅದೇ ಡ್ರೈವ್‌ಗೆ ಹಾಕಿ ನೋಡಿದೆ. ಎಲ್ಲ ಫೋಟೊಗಳೂ ತೆರೆದವು. ಎರರ್ ಸುಳ್ಳು ಅಂದುಕೊಂಡು ಹಾರ್ಡ್‌ಡಿಸ್ಕ್‌ನಿಂದ ಮೂಲ ಫೋಟೊಗಳನ್ನು ಅಳಿಸಿದೆ. ಮುಚ್ಚದೆ ಉಳಿದ ಸಿಡಿಯನ್ನು ಬರೆಯುವ ಡ್ರೈವ್ ಓದಬಲ್ಲದು, ಓದಲು ಮಾತ್ರ ಇರುವ ಮಾಮೂಲಿ ಡ್ರೈವ್ ಓದಲಾರದು ಅಂತ ನನಗೆ ಆಗ ಗೊತ್ತಿರಲಿಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದರೆ ಡಿಸ್ಕ್ ಖಾಲಿ. ವಾಪಸ್ ಬಂದು ಹಳೆಯ ಡ್ರೈವ್‌ಗೆ ಹಾಕಿದರೆ ಅದೂ ಈ ಸಲ ತಿರುಗಿ ತಿರುಗಿ ಸುಮ್ಮನಾಯಿತು. ಒಂದು ಇಡೀ ವರ್ಷದ ಫೋಟೊಗಳು ಹೋದವು.

ಹಾಗಾಗಿ ಬರೆದ ಡಿಸ್ಕ್ ಅನ್ನು ಹೊರಗೆ ತೆಗೆದು, ಮತ್ತೆ ಹಾಕಿ, ಆದರೆ ಬೇರೆ ಡ್ರೈವ್‌ನಲ್ಲಿ ಮೂಲದ ಜೊತೆ ಹೋಲಿಸಿ ನೋಡಿ. ಒಂದು ಮಾತು: ಡಿಸ್ಕಿನ ಕಟ್ಟಕಡೆಯಲ್ಲಿ ಮಾತ್ರ ಓದುವ ಎರರ್ ಬಂದರೆ ಅದು ಬೇರೆಯೇ ಕಾಯಿಲೆ ಇರಬಹುದು. ಟ್ರ್ಯಾಕ್-ಅಟ್-ಒನ್ಸ್ ರೀತಿಯಲ್ಲಿ, ಅಂದರೆ ಒಂದೊಂದೇ ಟ್ರ್ಯಾಕ್ ಆಗಿ, ಬರೆದ ಸಿಡಿಯ ಕೊನೆಯ ಎರಡು ಬ್ಲಾಕ್‌ಗಳು (ಡೇಟಾದ ಸಣ್ಣ ತುಂಡುಗಳು) ಓದಲು ಬರುವುದೇ ಇಲ್ಲ. ಬರೆಯುವಾಗ ಪ್ಯಾಡ್ ಆಯ್ಕೆ ಕೊಟ್ಟರೆ ಕೊನೆಗೆ ಖಾಲಿ ಬ್ಲಾಕ್‌ಗಳು ಸೇರುತ್ತವೆ, ನಿಮ್ಮ ಡೇಟಾ ಆ ಅಂಚಿನಿಂದ ದೂರ ಉಳಿಯುತ್ತದೆ.

ಹಾಲ್ ಇರುವ ಹಳೆಯ ಸಿಸ್ಟಮ್‌ನಲ್ಲಿ ಬರೆಯುವ ಮುಂಚೆ ಆ ಡ್ರೈವ್‌ಗೆ ಮಾತ್ರ ಪೋಲಿಂಗ್, ಅಂದರೆ ಈ ತಟ್ಟುವುದನ್ನು, ನಿಲ್ಲಿಸಿ, ಅದಕ್ಕೆಂದೇ ಒಂದು ಕಮ್ಯಾಂಡ್ ಇದೆ. ಹಾಲ್ ಅನ್ನೇ ಪೂರ್ತಿ ನಿಲ್ಲಿಸುವ ಸಲಹೆ ಹಲವರು ಕೊಡುತ್ತಾರೆ. ನಾನು ಹಾಗೆ ಮಾಡಿ, ಮರುದಿನ ಗ್ರಾಫಿಕಲ್ ಪರದೆ ಬಂದಾಗ ಕೀಬೋರ್ಡೂ ಇಲ್ಲ ಮೌಸೂ ಇಲ್ಲ. ಗ್ರಾಫಿಕಲ್ ಪರದೆ ನಡೆಸುವ ಆ ಕಾಲದ ಎಕ್ಸ್ ಸರ್ವರ್ ಅವನ್ನೂ ಹಾಲ್ ಮೂಲಕವೇ ಗುರುತಿಸುತ್ತಿತ್ತು.

ಹೊಸ ಸಿಸ್ಟಮ್‌ನವರು ನಿರಾಳವಾಗಬೇಡಿ. ಹಾಲ್ ಹೋಯಿತು, ತಟ್ಟುವುದು ಹೋಗಿಲ್ಲ. 2011ರಲ್ಲಿ ಬಂದ 2.6.38 ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಆ ಕೆಲಸ ಮಾಡಬಲ್ಲದು. ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಅನ್ನುವ ಪ್ರೋಗ್ರಾಮ್ ಅದಕ್ಕೆ ಸಾಮಾನ್ಯವಾಗಿ 2000 ಮಿಲಿಸೆಕೆಂಡ್ ಅಂತ ಹೇಳುತ್ತದೆ, ಅಂದರೆ ಮತ್ತೆ ಅದೇ ಎರಡು ಸೆಕೆಂಡು. ಮುಂಬಾಗಿಲಿನಿಂದ, ಮರ್ಯಾದೆಯ ಬೀಗ ಹಾಕಿ ಬರೆಯಲು ಬಂದ ಪ್ರೋಗ್ರಾಮ್‌ಗೆ ಕರ್ನಲ್ ತೊಂದರೆ ಕೊಡುವುದಿಲ್ಲ, ಅಷ್ಟು ಹೊತ್ತು ತಟ್ಟುವುದನ್ನು ನಿಲ್ಲಿಸುತ್ತದೆ. ಹಿತ್ತಲಿನಿಂದ ಹೋದವನಿಗೆ ಆ ರಕ್ಷಣೆ ಇಲ್ಲ. ಕೆ3ಬಿಯಂಥ ಬರ್ನಿಂಗ್ ಪ್ರೋಗ್ರಾಮ್‌ಗಳು ಬರೀ ಮುಖ, ಒಳಗೆ ಬರೆಯುವವನು ಬೇರೆ. ಅವನು ಯಾವ ಬಾಗಿಲು ಬಳಸುತ್ತಾನೆ ಅಂತ ಲಾಗ್‌ನಲ್ಲಿ ನೋಡಿ. ಎಸ್‌ಜಿ ಅಂತ ಕಂಡರೆ ಎಸ್‌ಆರ್0 ಅಂತ ಬದಲಿಸಿ. ಆಟೋಮೌಂಟ್ ಆಫ್ ಮಾಡಿ. ಆಗಲೂ ಕೆಟ್ಟರೆ ಸಿಸ್ (/sys) ಫೋಲ್ಡರಿನಲ್ಲಿ ಆ ಡ್ರೈವ್‌ನ ಪೋಲಿಂಗ್ ಫೈಲಿಗೆ 0 ಬರೆಯಿರಿ.

ಪೋಲಿಂಗ್ ನಿಲ್ಲಿಸಿದ ಮೇಲೆ ನಾನು ದೂರಿದ್ದ ಅದೇ ಡಿಸ್ಕ್‌ಗಳಲ್ಲಿ, ಅದೇ ಡ್ರೈವ್‌ನಲ್ಲಿ, 16ರ ವೇಗದಲ್ಲೇ ಉಳಿದದ್ದೆಲ್ಲ ಬರೆದು ಮುಗಿಯಿತು. ಕೆಲಸ ಮುಗಿದ ಮೇಲೆ ಆ ಫೈಲಿಗೆ -1 ಬರೆದು ಮೊದಲಿನ ಹಾಗೆ ಮಾಡಲು ಮರೆಯಬೇಡಿ. ಹೊಸ ಕಂಪ್ಯೂಟರಿನಲ್ಲಿ ನಾನು ಮರೆತಿದ್ದೆ. ಡಿಸ್ಕ್ ಹಾಕಿದರೂ ಐಕಾನ್ ಬರುತ್ತಿಲ್ಲ ಅಂತ ಸ್ಕ್ರೂಡ್ರೈವರ್ ಹಿಡಿದು ಡ್ರೈವ್ ಬಿಚ್ಚಿ ಕೂತಿದ್ದೆ.