ಲಕ್ನೋದ ಅಂಬೇಡ್ಕರ್ ಪಾರ್ಕ್: ಒಂದು ಗಂಟೆಯಲ್ಲಿ ಮುಗಿಸುವ ಜಾಗವಲ್ಲ

ಲಕ್ನೋಗೆ ಹೋಗುವವರ ಪಟ್ಟಿಯಲ್ಲಿ ಬಡಾ ಇಮಾಂಬಾಡಾ, ರೂಮಿ ದರ್ವಾಜಾ, ಚಿಕನ್‌ಕಾರಿ ಕುರ್ತಾ ಎಲ್ಲ ಆದ ಮೇಲೆ, ಸಂಜೆ ಸಮಯ ಉಳಿದರೆ ಅಂಬೇಡ್ಕರ್ ಪಾರ್ಕ್. ಹೋಗುತ್ತಾರೆ, ಆನೆಗಳ ಸಾಲಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮುಕ್ಕಾಲು ಗಂಟೆಯಲ್ಲಿ ಹೊರಬೀಳುತ್ತಾರೆ. ಇದು ದೊಡ್ಡ ನಷ್ಟ. ಹೆಸರಿಗೆ ಪಾರ್ಕ್ ಎಂದರೂ ಇದು ಹುಲ್ಲುಹಾಸಿನ ತೋಟವಲ್ಲ. ಬಹುಜನ ಸಮಾಜ ಪಕ್ಷ ಸ್ವಂತ ಬಲದಿಂದ ಅಧಿಕಾರ ಹಿಡಿದ ಒಂದೇ ಒಂದು ಅವಧಿಯಲ್ಲಿ ತನ್ನ ಇತಿಹಾಸವನ್ನು ತಾನೇ ಕಲ್ಲಿನಲ್ಲಿ ಬರೆಸಿದ ಜಾಗ. ಆ ಕಣ್ಣಿನಿಂದ ನೋಡಿದರೆ ಮೂರು ಗಂಟೆಯೂ ಸಾಲುವುದಿಲ್ಲ.

ಪೂರ್ತಿ ಹೆಸರು ಡಾ. ಭೀಮರಾವ್ ಅಂಬೇಡ್ಕರ್ ಸಾಮಾಜಿಕ ಪರಿವರ್ತನ ಪ್ರತೀಕ ಸ್ಥಳ. ಗೋಮತಿ ನಗರದಲ್ಲಿದೆ, ವಿಸ್ತೀರ್ಣ 107 ಎಕರೆ. ಅಡಿಗಲ್ಲು ಬಿದ್ದದ್ದು 1995ರಲ್ಲಿ, ಪಕ್ಷದ ನಾಯಕಿ ಮಾಯಾವತಿ ಅವರು ಮೊದಲ ಸಲ ಮುಖ್ಯಮಂತ್ರಿಯಾದಾಗ. ಆ ಸರ್ಕಾರ ಉಳಿದದ್ದು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಅದೇ ಸೆಪ್ಟೆಂಬರ್‌ನಲ್ಲಿ ಲಕ್ನೋದಲ್ಲಿ ತಮಿಳುನಾಡಿನ ವಿಚಾರವಾದಿ ಪೆರಿಯಾರ್ ಹೆಸರಿನಲ್ಲಿ ಮೇಳ ನಡೆಸಿದ್ದು ಬೆಂಬಲ ಕೊಟ್ಟಿದ್ದ ಬಿಜೆಪಿಯನ್ನು ಕೆರಳಿಸಿತು. ಬೆಂಬಲ ಹಿಂದಕ್ಕೆ ಹೋಗಲು ಅದೂ ಒಂದು ಕಾರಣ. 1997 ಮತ್ತು 2002ರ ಸರ್ಕಾರಗಳೂ ಐದು ವರ್ಷ ಬಾಳಲಿಲ್ಲ. 2007ರಲ್ಲಿ 403 ಸ್ಥಾನಗಳ ಪೈಕಿ 206 ಗೆದ್ದ ಮೇಲೆಯೇ ಯಾರ ಹಂಗೂ ಇಲ್ಲದೆ ಕೆಲಸ ಶುರುವಾದದ್ದು. ಈಗ ಕಾಣುವ ರೂಪದಲ್ಲಿ ಸ್ಮಾರಕ ಜನರಿಗೆ ತೆರೆದದ್ದು 2008ರ ಏಪ್ರಿಲ್ 14ರಂದು. ಅಷ್ಟು ವೇಗ, ಅಷ್ಟು ಕಲ್ಲು ಏಕೆ ಎಂಬುದಕ್ಕೆ ಉತ್ತರ ಈ ತಾರೀಖುಗಳಲ್ಲೇ ಇದೆ: ಮುಂದಿನ ಸಲ ಅಧಿಕಾರ ಸಿಗುತ್ತದೆಂಬ ಭರವಸೆ ಅವರಿಗಿರಲಿಲ್ಲ.

ಚಾರ್‌ಬಾಗ್ ರೈಲು ನಿಲ್ದಾಣದಿಂದ ಹತ್ತು ಕಿಲೋಮೀಟರ್ ಆಸುಪಾಸು. ಮೆಟ್ರೊ ಈ ಕಡೆಗೆ ಬರುವುದಿಲ್ಲ. ಹಜರತ್‌ಗಂಜ್‌ವರೆಗೆ ಮೆಟ್ರೊದಲ್ಲಿ ಬಂದು ಅಲ್ಲಿಂದ ಆಟೊ ಅಥವಾ ಇ-ರಿಕ್ಷಾ ಹಿಡಿಯುವುದು ಸುಲಭ. ಆಟೊದವರಿಗೆ ಬರೀ 'ಪಾರ್ಕ್' ಎಂದರೆ ಎಡವಟ್ಟಾಗುತ್ತದೆ. ಅದೇ ಗೋಮತಿ ನಗರದಲ್ಲಿ ಲೋಹಿಯಾ ಪಾರ್ಕ್ ಇದೆ, ಸ್ವಲ್ಪ ದೂರದಲ್ಲಿ 376 ಎಕರೆಯ ಜನೇಶ್ವರ್ ಮಿಶ್ರ ಪಾರ್ಕ್ ಇದೆ. ಎರಡೂ ಸಮಾಜವಾದಿಗಳ ಹೆಸರಿನವು. 'ಅಂಬೇಡ್ಕರ್ ಪಾರ್ಕ್, ಹಾಥಿವಾಲಾ' (ಆನೆಗಳಿರುವುದು) ಎಂದರೆ ಯಾರೂ ದಾರಿ ತಪ್ಪುವುದಿಲ್ಲ. ಪ್ರವೇಶಕ್ಕೆ ಚಿಕ್ಕ ಮೊತ್ತದ ಟಿಕೆಟ್ ಇದೆ, ಚಿಲ್ಲರೆ ಇಟ್ಟುಕೊಂಡಿರಿ.

ಸಮಯದ ವಿಷಯದಲ್ಲಿ ಮಾತ್ರ ಹಟ ಮಾಡಲೇಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಮಧ್ಯಾಹ್ನ ಹೋಗಬೇಡಿ. ನೆಲ, ಮೆಟ್ಟಿಲು, ಗೋಡೆ ಎಲ್ಲವೂ ಮರಳುಗಲ್ಲು. 40 ಡಿಗ್ರಿ ದಾಟಿದ ದಿನ ಹೀರಿದ ಕಾವನ್ನು ಸಂಜೆ ಆರರ ನಂತರವೂ ಉಗುಳುತ್ತಿರುತ್ತದೆ. ಮರದ ನೆರಳು ತೀರಾ ಕಡಿಮೆ. ವಯಸ್ಸಾದವರನ್ನೋ ಮಕ್ಕಳನ್ನೋ ಕರೆದುಕೊಂಡು ಹೋದವರು ಅರ್ಧಕ್ಕೇ ಹಿಂದಿರುಗುವುದು ಈ ಕಾರಣಕ್ಕೆ. ಡಿಸೆಂಬರ್ ಕೊನೆ ಮತ್ತು ಜನವರಿಯ ಮಂಜಿನಲ್ಲಿ ಸ್ತೂಪದ ತುದಿಯೇ ಕಾಣದ ದಿನಗಳಿರುತ್ತವೆ. ಅಕ್ಟೋಬರ್, ನವೆಂಬರ್, ಫೆಬ್ರುವರಿ, ಮಾರ್ಚ್ ಒಳ್ಳೆಯದು. ಮಳೆ ಬಿದ್ದ ದಿನ ನುಣುಪು ಕಲ್ಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಊಟ ತಿಂಡಿ ಹೊರಗೇ ಮುಗಿಸಿಕೊಂಡು, ನೀರಿನ ಬಾಟಲಿ ಜೊತೆಗಿಟ್ಟುಕೊಂಡು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಳಗೆ ಹೋಗಿ.

ಹೋದ ತಕ್ಷಣ ಆನೆಗಳ ಕಡೆ ನಡೆಯಬೇಡಿ. ಮೊದಲು ಸ್ತೂಪ. 112 ಅಡಿ ಎತ್ತರ, ನಾಲ್ಕು ದಳದ ಹೂವಿನ ಆಕಾರ. ಒಳಗೆ ಕುರ್ಚಿಯಲ್ಲಿ ಕುಳಿತ ಬಾಬಾಸಾಹೇಬರ ಕಂಚಿನ ಪ್ರತಿಮೆ. 'ನನ್ನ ಜೀವನ ಸಂಘರ್ಷವೇ ನನ್ನ ಸಂದೇಶ' ಎಂಬರ್ಥದ ಹಿಂದಿ ಸಾಲು ಅಲ್ಲಿದೆ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕವನ್ನು ನೆನಪಿಸುವ ಭಂಗಿ. ನಮ್ಮ ಊರುಗಳ ಸರ್ಕಲ್ಲಿನಲ್ಲಿ ಕಾಣುವ, ಒಂದು ಕೈಯಲ್ಲಿ ಸಂವಿಧಾನ ಹಿಡಿದು ಬೆರಳು ತೋರಿಸುತ್ತ ನಿಂತ ಅಂಬೇಡ್ಕರ್ ಇವರಲ್ಲ. ಇಲ್ಲಿ ಅವರು ಆಳುವವರ ಹಾಗೆ ಕುಳಿತಿದ್ದಾರೆ. ಬೇಡಿಕೆ ಸಲ್ಲಿಸುವ ಸಮುದಾಯವಾಗಿ ಉಳಿಯದೆ ಅಧಿಕಾರ ನಡೆಸುವ ಸಮುದಾಯವಾಗಬೇಕು ಎಂದು ಪಕ್ಷದ ಸ್ಥಾಪಕ ಕಾನ್ಶಿರಾಮ್ ಜೀವನಪೂರ್ತಿ ಹೇಳಿದ್ದು ಈ ಒಂದು ಭಂಗಿಯಲ್ಲಿ ಇಳಿದಿದೆ. ಅಂಬೇಡ್ಕರರ ಬದುಕಿನ ಘಟ್ಟಗಳನ್ನು ತೋರಿಸುವ ಉಬ್ಬುಚಿತ್ರಗಳನ್ನು ಹಗಲ ಬೆಳಕು ಇರುವಾಗಲೇ ನೋಡಿಬಿಡಿ.

ಆಮೇಲೆ ಸಂಗ್ರಹಾಲಯ ಮತ್ತು ಗ್ಯಾಲರಿ. ಇಲ್ಲಿ ಪ್ರತಿಮೆಗಳಾಗಿ ನಿಂತವರು ಜೋತಿಬಾ ಫುಲೆ, ಕೊಲ್ಹಾಪುರದ ಶಾಹು ಮಹಾರಾಜ, ಕೇರಳದ ನಾರಾಯಣ ಗುರು, ಬಿರ್ಸಾ ಮುಂಡಾ. ಉತ್ತರ ಪ್ರದೇಶದ ಪಕ್ಷವೊಂದು ತನ್ನ ಪೂರ್ವಿಕರನ್ನು ಮಹಾರಾಷ್ಟ್ರ, ಕೇರಳ, ಜಾರ್ಖಂಡ್‌ಗಳಿಂದ ಆರಿಸಿಕೊಂಡಿದೆ. ಕಾನ್ಶಿರಾಮ್ ಪಂಜಾಬಿನವರು, ಪುಣೆಯ ಸ್ಫೋಟಕ ಸಂಶೋಧನಾಲಯದಲ್ಲಿ ಕೆಲಸದಲ್ಲಿದ್ದಾಗ ಫುಲೆ ಮತ್ತು ಅಂಬೇಡ್ಕರರನ್ನು ಓದಿಕೊಂಡವರು. 1978ರಲ್ಲಿ ನೌಕರರ ಸಂಘಟನೆ ಬಾಮ್‌ಸೆಫ್, 1981ರಲ್ಲಿ ಡಿಎಸ್‌4 ಎಂಬ ಹೋರಾಟದ ಸಂಘಟನೆ, 1984ರ ಏಪ್ರಿಲ್ 14ರಂದು ಪಕ್ಷ. ಈ ಕ್ರಮ ಗೊತ್ತಿದ್ದರೆ ಪ್ರತಿಮೆಗಳ ಆಯ್ಕೆ ಅರ್ಥವಾಗುತ್ತದೆ. ಗೊತ್ತಿಲ್ಲದವರಿಗೆ ಸ್ಮಾರಕ ಹೇಳಿಕೊಡುವುದಿಲ್ಲ, ನನ್ನ ಮುಖ್ಯ ತಕರಾರು ಇದೇ. ಬರಹಗಳಲ್ಲಿ ಹಿಂದಿಯದೇ ಮೇಲುಗೈ. ನಾರಾಯಣ ಗುರು ಯಾರು, ಇಲ್ಲಿಗೆ ಏಕೆ ಬಂದರು ಎಂದು ಅಲಹಾಬಾದಿನ ಹುಡುಗನಿಗೂ ತಿಳಿಯುವುದಿಲ್ಲ, ಕನ್ನಡದವರಿಗೆ ಹಿಂದಿಯ ತೊಡಕು ಬೇರೆ. ಹೋಗುವ ಮುನ್ನ ಪಕ್ಷದ ಚರಿತ್ರೆಯನ್ನು ಒಂದು ಗಂಟೆ ಓದಿಕೊಂಡು ಹೋದರೆ ನೋಡುವುದು ಇಮ್ಮಡಿಯಾಗುತ್ತದೆ.

ಸೂರ್ಯ ಇಳಿಯುವಾಗ ದೃಶ್ಯ ಸ್ಥಳದ ಮೆಟ್ಟಿಲು ಹತ್ತಿ, ಇಡೀ ವಿನ್ಯಾಸ ಅಲ್ಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ದೀಪ ಹತ್ತಿದ ಮೇಲೆ ಪ್ರತಿಬಿಂಬ ಸ್ಥಳಕ್ಕೆ ಬನ್ನಿ. ಎರಡೂ ಬದಿಗೆ ಸಾಲಾಗಿ ನಿಂತ 62 ಕಲ್ಲಾನೆಗಳು ದೀಪದ ಬೆಳಕಿನಲ್ಲಿ ಹಗಲಿಗಿಂತ ಚೆನ್ನಾಗಿ ಕಾಣುತ್ತವೆ. ಬಿಎಸ್‌ಪಿಯ ಚುನಾವಣಾ ಗುರುತಾದ ಆನೆ ಅದರ ಸ್ವಂತ ಕಲ್ಪನೆಯಲ್ಲ. ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಚುನಾವಣಾ ಗುರುತೂ ಆನೆಯೇ ಆಗಿತ್ತು. 2012ರ ಜನವರಿಯಲ್ಲಿ, ವಿಧಾನಸಭಾ ಚುನಾವಣೆಗೆ ಮುನ್ನ, ಚುನಾವಣಾ ಆಯೋಗ ಈ ಆನೆಗಳಿಗೂ ಮಾಯಾವತಿ ಪ್ರತಿಮೆಗಳಿಗೂ ಬಟ್ಟೆ ಹೊದಿಸಲು ಹೇಳಿತು. ಪಕ್ಷದ ಗುರುತಿನ ಆನೆ ಸೊಂಡಿಲು ಇಳಿಬಿಟ್ಟಿದೆ, ಸ್ಮಾರಕದ ಆನೆ ಸ್ವಾಗತಕ್ಕೆ ಸೊಂಡಿಲು ಎತ್ತಿದೆ ಎಂಬುದು ಪಕ್ಷದ ವಾದವಾಗಿತ್ತು. ಆಯೋಗದ ಆ ಆದೇಶ ಸರಿಯೆಂದು ನನಗೆ ಅನಿಸುವುದಿಲ್ಲ. ಕಮಲದ ಕೊಳಗಳಿಗೆ ಯಾರೂ ಬಟ್ಟೆ ಹೊದಿಸಲಿಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಕೈಯಲ್ಲಿ ಬ್ಯಾಗ್ ಹಿಡಿದ ಮಾಯಾವತಿ ಅವರ ಪ್ರತಿಮೆಯನ್ನು ಅವರದೇ ಸರ್ಕಾರ ಸರ್ಕಾರಿ ಹಣದಲ್ಲಿ ನಿಲ್ಲಿಸಿದ್ದು ತಪ್ಪು. ಮಿರ್ಜಾಪುರದ ಕಲ್ಲನ್ನು ಕೆತ್ತನೆಗೆ ರಾಜಸ್ಥಾನಕ್ಕೆ ಸಾಗಿಸಿ ತಂದ ವ್ಯವಹಾರದ ಬಗ್ಗೆ ಉತ್ತರ ಪ್ರದೇಶದ ಲೋಕಾಯುಕ್ತರು 2013ರಲ್ಲಿ ವರದಿ ಕೊಟ್ಟರು; ಲಕ್ನೋ ಮತ್ತು ನೋಯ್ಡಾ ಸ್ಮಾರಕಗಳಲ್ಲಿ ಸುಮಾರು 1,400 ಕೋಟಿ ರೂಪಾಯಿಯ ಅಕ್ರಮ ಎಂದು ಅದರ ಲೆಕ್ಕ. ಪ್ರತಿಮೆಗಳ ವೆಚ್ಚದ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಮುಗಿದದ್ದು 2025ರಲ್ಲಿ. ಆದರೆ ಟೀಕೆಯ ಬಹುಪಾಲು 'ಆ ದುಡ್ಡಿನಲ್ಲಿ ಶಾಲೆ ಕಟ್ಟಬಹುದಿತ್ತು' ಎಂಬ ಧಾಟಿಯದು. ಬೇರೆಯವರ ಸ್ಮಾರಕಗಳಿಗೆ ಈ ಪ್ರಶ್ನೆ ಇಷ್ಟು ಜೋರಾಗಿ ಕೇಳಿಸಿದ್ದಿಲ್ಲ. ಊರ ಗುಡಿಯ ಒಳಗೆ ಬಿಡದ ಜನರಿಗೆ ರಾಜಧಾನಿಯ ನಡುವೆ ತಲೆಯೆತ್ತಿ ನಡೆಯಲು 107 ಎಕರೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಆ ಜನರನ್ನು ಅಲ್ಲಿ ಕಾಣಬೇಕಾದರೆ ಅಂಬೇಡ್ಕರ್ ಜಯಂತಿಯ ದಿನ, ಏಪ್ರಿಲ್ 14ಕ್ಕೆ ಹೋಗಿ. ಬಿಸಿಲಿನ ಕಾಲ ನಿಜ, ಆ ಒಂದು ದಿನ ಮಾತ್ರ ಬೆಳಗ್ಗೆಯೇ ಹೋಗಿಬಿಡಿ. ಪಕ್ಷದ ಕಾರ್ಯಕರ್ತರನ್ನು ನೋಡಬೇಕೆನ್ನುವವರಿಗೆ ಅಕ್ಟೋಬರ್ 9, ಕಾನ್ಶಿರಾಮ್ ತೀರಿಕೊಂಡ ದಿನ. ಅದಕ್ಕೆ ಜಾಗ ಬೇರೆ: ಆಲಂಬಾಗ್ ಕಡೆ ವಿಐಪಿ ರಸ್ತೆಯಲ್ಲಿರುವ ಕಾನ್ಶಿರಾಮ್ ಸ್ಮಾರಕ. 2025ರಲ್ಲಿ ಅಲ್ಲಿ ದೊಡ್ಡ ಸಮಾವೇಶ ನಡೆಯಿತು. ಟಿಕೆಟ್ ಹಣವನ್ನು ಸ್ಮಾರಕದ ದುರಸ್ತಿಗೇ ಬಳಸಿದ್ದಕ್ಕಾಗಿ ಮಾಯಾವತಿ ಅವರು ಬಿಜೆಪಿಯ ಯೋಗಿ ಸರ್ಕಾರಕ್ಕೆ ಕೃತಜ್ಞತೆ ಹೇಳಿದ್ದು ಅಲ್ಲಿಯೇ. ಪಕ್ಷ ಇಂದು ಎಲ್ಲಿದೆ ಎಂಬುದನ್ನೂ ಆ ಮಾತು ತೋರಿಸುತ್ತದೆ: 2007ರ 206 ಸ್ಥಾನ 2022ರಲ್ಲಿ ಒಂದಕ್ಕೆ ಇಳಿದಿದೆ, 2024ರ ಲೋಕಸಭೆಯಲ್ಲಿ ಸೊನ್ನೆ. ಕರ್ನಾಟಕದಲ್ಲಿ 2018ರಲ್ಲಿ ಕೊಳ್ಳೇಗಾಲದಿಂದ ಎನ್. ಮಹೇಶ್ ಗೆದ್ದು ಸಚಿವರಾದರು, ಮರುವರ್ಷ ಪಕ್ಷದಿಂದ ಉಚ್ಚಾಟನೆಗೊಂಡರು, ಆಮೇಲೆ ಬಿಜೆಪಿ ಸೇರಿದರು.

ದೆಹಲಿವರೆಗೆ ಮಾತ್ರ ಹೋಗುವವರಿಗೆ ನೋಯ್ಡಾದ ರಾಷ್ಟ್ರೀಯ ದಲಿತ ಪ್ರೇರಣಾ ಸ್ಥಳವಿದೆ. 82.5 ಎಕರೆ, ಮಾಯಾವತಿ ಅವರು 2011ರ ಅಕ್ಟೋಬರ್ 14ರಂದು ಉದ್ಘಾಟಿಸಿದ್ದು. ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ ಓಖ್ಲಾ ಬರ್ಡ್ ಸ್ಯಾಂಕ್ಚುರಿ ನಿಲ್ದಾಣದಲ್ಲಿ ಇಳಿಯಿರಿ. ಲಕ್ನೋಗಿಂತ ಹಸಿರು ಹೆಚ್ಚು, ಜನ ಕಡಿಮೆ, ಕಾಲಿಗೆ ಕೆಲಸ ಅಷ್ಟೇ ಇದೆ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಲಕ್ನೋಗೇ ಹೋಗಿ. ಯಶವಂತಪುರದಿಂದ ನೇರ ರೈಲಿದೆ.