ಪೌಡರ್ ಕೋಟಿಂಗ್ ಜೊತೆ ಸೆರಾಮಿಕ್ಕೂ ಬೇಕಾ?

ದಾವಣಗೆರೆಯ ಸಣ್ಣ ಪೌಡರ್ ಕೋಟಿಂಗ್ ಶೆಡ್‌ಗೆ ಗೇಟು, ಗ್ರಿಲ್ಲು, ಕುರ್ಚಿಗಳೇ ಅನ್ನ. ಅದಕ್ಕೆ ಪೌಡರ್ರೇ ಸರಿ, ಅಂದರೆ ಲೋಹಕ್ಕೆ ಹಿಡಿಸಿ ಓವನ್‌ನಲ್ಲಿ ಕಾಯಿಸುವ ಒಣ ಬಣ್ಣದ ಪುಡಿ. 60–100 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪ ಕೂರುತ್ತದೆ, ಸಣ್ಣ ಗೀರು ಮುಚ್ಚುತ್ತದೆ, ಓವನ್‌ನಲ್ಲಿ 180–200 ಡಿಗ್ರಿಗೆ 15 ನಿಮಿಷ ಸಾಕು.

ಬೈಕ್ ಸೈಲೆನ್ಸರ್ ಬಂದಾಗ ಕಥೆ ಬೇರೆ. ಇಂಜಿನ್ ಹತ್ತಿರದ ಬೆಂಡ್ ಪೈಪ್‌ನಲ್ಲಿ ಪೌಡರ್ ಬಣ್ಣಗೆಟ್ಟು, ಗುಳ್ಳೆ ಎದ್ದು, ಸಿಪ್ಪೆಯಂತೆ ಸುಲಿಯುತ್ತದೆ. ನಾನೇ ಒಮ್ಮೆ ದುಡ್ಡು ವಾಪಸ್ ಕೊಟ್ಟಿದ್ದೇನೆ! ಅಲ್ಲಿ ಬಿಸಿ ತಡೆಯುವ ಸೆರಾಮಿಕ್ಕೇ, ಅಂದರೆ ಸ್ಪ್ರೇ ಮಾಡುವ ದ್ರವ ಕೋಟಿಂಗೇ ಬೇಕು. ಆದರೆ ಪದರ ಸುಮಾರು 25 ಮೈಕ್ರಾನ್ ಅಷ್ಟೇ, ಗೀರು ಮುಚ್ಚಲ್ಲ. ಬ್ಲಾಸ್ಟಿಂಗ್ (ಮರಳಿನಂಥ ಕಣ ಹೊಡೆದು ಲೋಹ ಶುಚಿ ಮಾಡುವುದು) ಆದ ಮೇಲೆ ಬರಿಗೈ ತಾಗಿದರೂ ಎಣ್ಣೆ ಗುರುತು ಉಳಿಯುತ್ತದೆ, ಅಲ್ಲಿ ಕೋಟಿಂಗ್ ಸರಿಯಾಗಿ ಹಿಡಿಯಲ್ಲ. ಸ್ಪ್ರೇ ಗನ್, ಒಳ್ಳೆ ಮಾಸ್ಕ್, ಬೇರೆ ಬೂತ್ ಬೇಕು. ಉದುರಿದ ಪೌಡರ್ ಜರಡಿ ಹಿಡಿದು ಮತ್ತೆ ಬಳಸಬಹುದು, ಹಾರಿದ ಸೆರಾಮಿಕ್ ಹೋದಂತೆಯೇ.

ತಿಂಗಳಿಗೆ ನಾಲ್ಕೈದು ಸೈಲೆನ್ಸರ್ ಅಂದ್ರೆ ಸುಮ್ನೆ ಹೊರಗೆ ಕೊಡಿ. ಮೆಕ್ಯಾನಿಕ್‌ಗಳು ವಾರವಾರ ಕೇಳ್ತಿದ್ದರೆ ಮಾತ್ರ ಗನ್ ತರಿಸಿ.