ಒಂದೇ ಎರಿ ಹೊಲ, ಎರಡು ಲೇಔಟ್ ನಕ್ಷೆ

ಕಲಬುರಗಿ ಸುತ್ತಲಿನ ಎರಿ (ಕಪ್ಪು ಜೇಡಿಮಣ್ಣಿನ) ಹೊಲ. ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು 10 ಎಕರೆ, ನಡುವೆ ನಾಲಾ, ಬದುವಿನ ಮೇಲೆ ನಾಲ್ಕಾರು ಬೇವು. ಇದರ ಮೇಲೆ ಎರಡು ನಕ್ಷೆ ಎಳೆದು ನೋಡಿದ ಲೆಕ್ಕ ಇದು. ಒಂದು ಮಾಮೂಲಿ ಚೌಕಳಿ. ಇನ್ನೊಂದು ನಾಲಾ, ಮರ ಬಿಟ್ಟು ಮನೆಗಳನ್ನು ಒತ್ತಟ್ಟಿಗೆ ಕೂಡಿಸಿದ ಗುಂಪು ನಕ್ಷೆ.

10 ಎಕರೆ ಅಂದರೆ 4,35,600 ಚದರಡಿ. ಚೌಕಳಿಯಲ್ಲಿ ರಸ್ತೆಗೆ ಶೇ 30, ಪಾರ್ಕಿಗೆ 10, ನಾಗರಿಕ ಸೌಲಭ್ಯಕ್ಕೆ 5 ಇಟ್ಟರೆ ಉಳಿದ 55ರಲ್ಲಿ 30×40ರ 199 ಪ್ಲಾಟ್ ಬೀಳುತ್ತವೆ. ಗುಂಪು ನಕ್ಷೆಯಲ್ಲಿ ಹಸಿರಿಗೆ 28, ರಸ್ತೆಗೆ 22, ಸೌಲಭ್ಯಕ್ಕೆ 5; ಉಳಿದ 45ರಲ್ಲಿ 25×40ರ 196 ಪ್ಲಾಟ್. ಮೂರೇ ಕಡಿಮೆ! ಹೆಚ್ಚಿದ ಶೇ 18 ಹಸಿರಿನಲ್ಲಿ 10 ಪ್ಲಾಟ್ ಕಿರಿದಾದದ್ದರಿಂದ ಬಂತು, 8 ರಸ್ತೆಯಿಂದ. 30 ಅಡಿ ರಸ್ತೆಯ ಎರಡೂ ಬದಿ ಮನೆ ಇದ್ದರೆ ಒಂದು ಪ್ಲಾಟಿನ ಪಾಲಿಗೆ 15 ಅಡಿ ಬರುತ್ತದೆ: ಮುಖ 30 ಇದ್ದರೆ 450 ಚದರಡಿ ರಸ್ತೆ, 25 ಇದ್ದರೆ 375. ಅಡ್ಡರಸ್ತೆಯೂ ಕಡಿಮೆ, ನಾಲಾಕ್ಕೆ ಸಿಡಿ (ರಸ್ತೆ ದಾಟಿಸುವ ಸಣ್ಣ ಮೋರಿ) ಕಟ್ಟುವ ಖರ್ಚೂ ಕಡಿಮೆ.

ಚೌಕಳಿ ಸೋಲುವುದು ನಾಲಾದ ಹತ್ತಿರ. ತಗ್ಗಿಗೆ ಮಣ್ಣು ತುಂಬಿ ಪ್ಲಾಟ್ ಮಾಡಿದರೆ ಮಳೆಗೆ ಎರಿ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ತುಂಬಿದ ಮಣ್ಣಿನಲ್ಲೇ ನಿಂತಿದ್ದರೆ ಕಿಟಕಿ ಮೂಲೆಯಿಂದ ಓರೆ ಬಿರುಕು ಶುರು. 50 ಮಿ.ಮೀ. ಮಳೆ ಒಂದು ಎಕರೆ ಮೇಲೆ ಬಿದ್ದರೆ ಸುಮಾರು 2 ಲಕ್ಷ ಲೀಟರ್. ಅದಕ್ಕೆ ಹಾದಿ ಬೇಕೇ ಬೇಕು. ಪೈಪ್ ಹಾಕಿ ನಾಲಾ ಮುಚ್ಚಿದರೆ ಮೊದಲ ದೊಡ್ಡ ಮಳೆಗೆ ಕಸ ಸಿಕ್ಕಿಕೊಂಡು ನೀರು ಅಂಗಳಕ್ಕೆ ಬರುತ್ತದೆ.

ಗುಂಪು ನಕ್ಷೆ ಎಳೆಯುವ ಕ್ರಮವೇ ಬೇರೆ. ಮೊದಲು ಗ್ರಾಮ ನಕ್ಷೆ, ಪಹಣಿ ಇಟ್ಟುಕೊಂಡು ನಾಲಾ, ‘ಬ’ ಖರಾಬು (ಸಾರ್ವಜನಿಕ ಬಳಕೆಯ ಜಾಗ), ಮರ, ತಗ್ಗು ಗುರುತಿಸಿ. ಆಮೇಲೆ ಮನೆ ಎಲ್ಲಿ ಅಂತ ನೋಡಿ, ಅವನ್ನು ಕೂಡಿಸುವಂತೆ ರಸ್ತೆ ಎಳೆಯಿರಿ. ಪ್ಲಾಟಿನ ಗೆರೆ ಕೊನೆಗೆ. ಗೆರೆಯಿಂದ ಶುರು ಮಾಡಿದರೆ ಬೇವು ಯಾರದೋ ಅಡುಗೆಮನೆಯೊಳಗೆ ಬರುತ್ತದೆ. ಎರಿಯಲ್ಲಿ ಮರ ಬುನಾದಿಯ ತೇವ ಹೀರುತ್ತದೆ. ಅದು ಬೆಳೆಯುವ ಎತ್ತರದಷ್ಟಾದರೂ ದೂರ ಮನೆ ಇರಲಿ.

ಗುಂಪು ನಕ್ಷೆಯ ತೊಡಕು ವಾಸ್ತು. ರಸ್ತೆ ಬಾಗಿದರೆ ಪ್ಲಾಟ್ ಒಂದು ಕಡೆ ಕಿರಿದಾಗುತ್ತದೆ. ಗೋಮುಖ (ಮುಂದೆ ಕಿರಿದು, ಹಿಂದೆ ಅಗಲ) ಹೇಗೋ ಮಾರಾಟವಾಗುತ್ತದೆ, ವ್ಯಾಘ್ರಮುಖ (ಮುಂದೆ ಅಗಲ, ಹಿಂದೆ ಕಿರಿದು) ಉಳಿದುಬಿಡುತ್ತದೆ. ಅದಕ್ಕೇ ರಸ್ತೆ ನೇರವಾಗಿ, ತುಂಡು ತುಂಡಾಗಿ ಇರಲಿ; ಬಾಗುವುದೆಲ್ಲ ನಾಲಾದ ಪಕ್ಕದ ಹಸಿರು ಪಟ್ಟಿಯೊಳಗೆ.

ಎರಿಯಲ್ಲಿ ಇಂಗುಗುಂಡಿ ನೆಚ್ಚಬೇಡಿ. ಜೇಡಿ ನೆನೆದ ಮೇಲೆ ನೀರು ಅಲ್ಲೇ ನಿಂತು ಸೊಳ್ಳೆಗೆ ಮನೆಯಾಗುತ್ತದೆ. ಬದಲಿಗೆ ನಾಲಾದ ಬದಿ ಹುಲ್ಲಿನ ತಗ್ಗು ಮಾಡಿ. ಬೀದರಿನ ಜಂಬಿಟ್ಟಿಗೆ ನೆಲದಲ್ಲಾದರೆ ಮಾತು ಬೇರೆ, ಅಲ್ಲಿ ನೀರು ಬೇಗ ಇಳಿಯುತ್ತದೆ. ಅಲ್ಲಿನ ನೌಬಾದ್ ಕಡೆ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ಬಾಯಿಗಳಿರುವ ಸಾಲನ್ನೂ ಹಸಿರೊಳಗೇ ಸೇರಿಸಬೇಕು.

ನಾಲಾ, ಮರ ಏನೂ ಇಲ್ಲದ 2 ಎಕರೆ ಸಪಾಟು ಹೊಲಕ್ಕೆ ಚೌಕಳಿಯೇ ಸಾಕು. ಗುಂಪು ನಕ್ಷೆ ಆರಿಸಿದರೆ, ನಿಯಮಕ್ಕಿಂತ ಹೆಚ್ಚು ಬಿಟ್ಟ ಹಸಿರನ್ನೂ ಮಂಜೂರಾದ ನಕ್ಷೆಯಲ್ಲಿ ಪಾರ್ಕ್ ಅಂತಲೇ ಬರೆಸಿ, ಪ್ರಾಧಿಕಾರಕ್ಕೆ ರಿಜಿಸ್ಟರ್ ಮಾಡಿ ಬಿಟ್ಟುಕೊಡಿ. ಮಾಲೀಕರ ಹೆಸರಲ್ಲೇ ಉಳಿದರೆ ನಾಲ್ಕು ವರ್ಷದಲ್ಲಿ ಅಲ್ಲೂ ಪ್ಲಾಟಿನ ಕಲ್ಲು ನೆಡುತ್ತಾರೆ.